ಚಕ್ಕುಲಿಯ ಲೆಕ್ಕದ ಪುಸ್ತಕ

ದಿನಕ್ಕೆ ಮೂವತ್ತು ಡಬ್ಬಿ ಬರುತ್ತವೆ ನನ್ನ ಮೇಜಿಗೆ.
ದುರ್ಗಿಗುಡಿಯ ಲ್ಯಾಬಿನಲ್ಲಿ ಕೂತು
ಊರಿನ ಹೊಟ್ಟೆಯ ಗುಟ್ಟನ್ನು ಗಾಜಿನ ಮೇಲೆ ಸವರಿ
ಹುಳು ಹುಡುಕುವವಳು ನಾನು.
ಹದಿನಾರು ವರ್ಷ. ಮೂಗು ಯಾವಾಗಲೋ ಸೋತಿದೆ.

ಆದರೂ ಬೆಳಗಿನ ಐದೂವರೆಗೆ, ಬೀದಿದೀಪದ ಕೆಳಗೆ
ಚಕ್ಕುಲಿ ಬೆನ್ನು ಬಿಲ್ಲಾಗಿಸಿ ಕೂತು
ಗಂಜಿಯಂಥದ್ದನ್ನು ಬಿಟ್ಟು, ಏನೂ ಆಗದವರ ಹಾಗೆ
ಹಿಂಗಾಲಲ್ಲಿ ಮಣ್ಣು ಹಾರಿಸಿದಾಗ
ನನ್ನ ಎದೆ ಧಸಕ್ಕೆಂದಿತು.

ಹದಿಮೂರು ತಿಂಗಳ ಪ್ರಾಯ. ಬಾಲದ ಸುರುಳಿ ನೋಡಿ ಇಟ್ಟ ಹೆಸರು.
ಮೈ ಮಿರಿಮಿರಿ, ಸ್ಕೂಟರಿನ ಹಿಂದೆ ಓಟ,
ಚಪ್ಪಲಿಯ ಮೇಲೆ ಹಗೆ.
ಮೂರು ದಿನ ಸರಿ, ಎರಡು ದಿನ ನೀರು, ಮತ್ತೆ ಸರಿ.
ವಠಾರದಲ್ಲಿ ಬಾಯಿಗೊಂದು ಮದ್ದು:
ದೃಷ್ಟಿ ಎಂದು ಉಪ್ಪು ನಿವಾಳಿಸಿದರು ಅಂಬುಜಮ್ಮ.
ದಾಳಿಂಬೆ ಸಿಪ್ಪೆ ಎಂದಳು ಮೆಹರುನ್ನೀಸಾ.
ಗರಿಕೆ ತಿಂತಲ್ಲ, ಅದರ ವೈದ್ಯ ಅದಕ್ಕೇ ಗೊತ್ತು ಎಂದ ಇಸ್ತ್ರಿಯ ಕುಬೇರ.
ಮಹಡಿಯ ಷಣ್ಮುಖಪ್ಪ ಡ್ರಿಲ್ ಮೇಷ್ಟ್ರು ಮಾತ್ರ
ಕಿಟಕಿಯಿಂದಲೇ: "ನಾಯಿ ಸಾಕೋದೇ ತಪ್ಪು."

ನನಗೆ ಗೊತ್ತಿದ್ದದ್ದು ಒಂದೇ.
ಅದರದ್ದನ್ನೂ ಡಬ್ಬಿಗೆ ತುಂಬಿ, ಹೆಸರು: ಚಕ್ಕುಲಿ ಫಿಲೋಮಿನಾ ಎಂದು ಬರೆದು
ಎಲ್ಲರೂ ಊಟಕ್ಕೆ ಎದ್ದಾಗ ಲೆನ್ಸಿನ ಕೆಳಗಿಟ್ಟೆ.
ಹುಳುವಿಲ್ಲ, ಮೊಟ್ಟೆಯಿಲ್ಲ, ರಕ್ತವಿಲ್ಲ.
ಏನೋ ನಾರು; ಜಿಡ್ಡಿನ ಹನಿಗಳು, ಪುಟ್ಟ ಪುಟ್ಟ ಚಂದ್ರ.
ಜಿಡ್ಡು ಎಲ್ಲಿಂದ? ನಾನು ಹಾಕುವುದು ಅನ್ನ, ಬೇಯಿಸಿದ ಕೋಳಿ.

ಪಶು ಆಸ್ಪತ್ರೆಯಲ್ಲಿ ಡಾಕ್ಟರ್ ರೂಪಕಲಾ
ಕತ್ತಿನ ಚರ್ಮ ಎತ್ತಿ ಬಿಟ್ಟರು, ಒಸಡು ಒತ್ತಿದರು.
ಅದು ಅವರ ಗಡಿಯಾರ ನೆಕ್ಕಿತು.
"ಯಾರ್ಯಾರು ಏನೇನು ಹಾಕ್ತಾರೆ?"
"ನಾನೊಬ್ಬಳೇ."
ಅವರು ನಕ್ಕು ಒಂದು ನೋಟ್‌ಪುಸ್ತಕ ತಳ್ಳಿದರು.
"ಬಾಯಿಗೆ ಹೋದದ್ದೆಲ್ಲ ಬರೀರಿ. ಬಂದದ್ದನ್ನು ನೀವು ಹೇಗೂ ನೋಡ್ತೀರಿ."

ರಜೆ ಹಾಕಿ ಹಿಂಬಾಲಿಸಿದೆ.
ಆರು ಗಂಟೆ: ಹಾಲು, ಒಂದು ಬಟ್ಟಲು. ದೃಷ್ಟಿ ತೆಗೆದದ್ದೂ ಅದೇ ಕೈ.
ಎಂಟೂಕಾಲು: ಆಟೋ ಕಾಯುವ ಮಕ್ಕಳ ಕ್ರೀಂ ಬಿಸ್ಕತ್ತು, ಮೂರು.
ಹತ್ತು: ಕುಬೇರನ ಇಡ್ಲಿವಡೆಯಲ್ಲಿ ವಡೆ.
ಮಧ್ಯಾಹ್ನ: ಬಿರಿಯಾನಿ ತಳದ ಕೊಬ್ಬು.
("ಶುಕ್ರವಾರ ಮಾತ್ರ, ಅಕ್ಕಾ." ಅಂದು ಬುಧವಾರ.)
ಸಂಜೆ: ಮಂಡಕ್ಕಿ ಗಾಡಿಯ ಕೆಳಗೆ ಬಿದ್ದ ಮೆಣಸಿನಕಾಯಿ ಬಜ್ಜಿ,
ಹಿಟ್ಟು ಮಾತ್ರ; ಮೆಣಸಿನಕಾಯಿ ಬಿಡುವಷ್ಟು ಬುದ್ಧಿ ಇದೆ.
ಒಂಬತ್ತೂವರೆ: ಮಹಡಿ ಮೆಟ್ಟಿಲು.
ಕತ್ತಲಲ್ಲಿ ಪಂಚೆ ಮಡಚಿ ಕೂತ ಮೇಷ್ಟ್ರು
ಅಕ್ಕಿರೊಟ್ಟಿಗೆ ತುಪ್ಪ ಸವರಿ ಚೂರು ಮಾಡುತ್ತ
"ತಿನ್ನು, ಯಾರಿಗೂ ಹೇಳಬೇಡ" ಅನ್ನುತ್ತಿದ್ದರು.
ಅದು ಹೇಳಿರಲಿಲ್ಲ. ಹೊಟ್ಟೆ ಹೇಳಿತ್ತು.

ಪುಸ್ತಕ ನೋಡಿ ಡಾಕ್ಟರು: "ಕಾಯಿಲೆಯಲ್ಲ ಇದು, ಮದುವೆಮನೆ."
ನೀರು ಸದಾ ಇರಲಿ. ಎರಡು ದಿನ ಮೆತ್ತನ್ನ, ಚರ್ಮ ಸುಲಿದ ಕೋಳಿ,
ಉಪ್ಪುಖಾರವಿಲ್ಲದೆ, ಚೂರು ಚೂರಾಗಿ ನಾಲ್ಕು ಸಲ.
ಆಮೇಲೆ ಹಳೆಯ ಊಟಕ್ಕೆ ಮೆಲ್ಲಗೆ ಮೆಟ್ಟಿಲೇರಿ.
ವಾಂತಿ, ರಕ್ತ, ಮಂಕು ಕಂಡರೆ ಮಾತ್ರ
ಪುಸ್ತಕ ಬಿಸಾಕಿ ಓಡಿ ಬನ್ನಿ.

ವಠಾರಕ್ಕೆ ಹೇಳುವುದೇ ಕಷ್ಟವಾಯಿತು.
ಹಾಕಬೇಡಿ ಎಂದರೆ ನಿಮ್ಮ ಪ್ರೀತಿ ಜೀರ್ಣವಾಗಲಿಲ್ಲ ಎಂದ ಹಾಗೆ.
ಅಂಬುಜಮ್ಮ ಎರಡು ದಿನ ಮಾತು ಬಿಟ್ಟರು.
ಮೇಷ್ಟ್ರು ಅರ್ಧ ಬಾಗಿಲು ತೆರೆದು, "ನಾನ್ಯಾಕೆ ಹಾಕಲಿ?"
ಬೆರಳ ತುದಿ ಇನ್ನೂ ಹೊಳೆಯುತ್ತಿತ್ತು.
ಅಳೆದ ಅನ್ನದ ಡಬ್ಬಿ ಕೈಗಿಟ್ಟೆ, ಜೊತೆಗೆ ಪುಸ್ತಕ:
"ರಾತ್ರಿ ಪಾಲು ನೀವೇ ಹಾಕಿ, ನನಗೆ ನೈಟ್ ಶಿಫ್ಟು."
ನಮ್ಮ ಲ್ಯಾಬು ಎಂಟಕ್ಕೆ ಮುಚ್ಚುತ್ತದೆ.

ಒಂಬತ್ತನೆಯ ಬೆಳಗ್ಗೆ, ಅದೇ ಬೀದಿದೀಪ.
ಕಂದು. ಗಟ್ಟಿ. ಎತ್ತಿದರೆ ಕಾಗದಕ್ಕೂ ಅಂಟದಷ್ಟು.
"ಮೇಷ್ಟ್ರೇ!" ಎಂದು ಕೂಗಲು ಕತ್ತೆತ್ತಿದರೆ
ಕಿಟಕಿ ಆಗಲೇ ತೆರೆದಿತ್ತು. "ನೋಡಿದೆ, ನೋಡಿದೆ."

ಪುಸ್ತಕ ವಾಪಸು ಬಂದಾಗ ಕಪ್ಪು ಮಸಿಯ ದುಂಡಕ್ಷರ:
ರಾತ್ರಿ 9.30. ಅನ್ನ, ಕೋಳಿ. ತುಪ್ಪ: ಇಲ್ಲ.
ರಾತ್ರಿ 9.30. ಅನ್ನ, ಕೋಳಿ. ತುಪ್ಪ: ಇಲ್ಲ.
ಕೊನೆಯ ಸಾಲಿನ ಅಡಿಯಲ್ಲಿ, ಇರುವೆಯಷ್ಟು ಸಣ್ಣಗೆ:
ಒಂದೇ ಒಂದು ಬೆರಳು.