ಎಡರಟ್ಟೆ

ಮಂಡ್ಯದ ಆ ಕಚೇರಿಯ ಗೇಟಿಗೆ ನನ್ನನ್ನು ಹಾಕಿದ್ದು
ಸಿದ್ದಯ್ಯ ಹೋದ ಮೇಲೆ.
ಅವನ ಲಾಠಿ, ಅವನ ಸ್ಟೂಲು,
ಅವನು ಹೊಡೆದ ಮೊಳೆಗೆ ನನ್ನ ಟೋಪಿ.
ಮೊದಲ ಡೋಸಿಗೆ ಟೋಕನ್ ಹಿಡಿದು ಎರಡು ಸಲ ವಾಪಸ್ ಬಂದಿದ್ದ,
ಮೂರನೇ ಸಲ ಹೋಗಲು ಅವನಿರಲಿಲ್ಲ.
ಅದಕ್ಕೇ ಗೋಡೆಗೆ ಆ ನೋಟೀಸು ಅಂಟಿಸಿದ ದಿನ
ಗೋಂದಿನ ಡಬ್ಬಿ ಹಿಡಿದು ನಾನು ಖುಷಿಯಿಂದಲೇ ನಿಂತಿದ್ದೆ:
ಎರಡು ಡೋಸಿನ ಚೀಟಿ ಇದ್ದವರಿಗೆ ಮಾತ್ರ ಪ್ರವೇಶ.

ಹತ್ತೂವರೆಗೆ ಸಾಲು.
ಹನ್ನೊಂದಕ್ಕೆ ಸಾಲು ಹೋಗಿ ಗುಂಪು.
ಒಳಗೆ ನಾಲ್ಕು ಜನ, ನಾಲ್ಕು ಫ್ಯಾನು.
ಹೊರಗೆ ನಲವತ್ತು ಜನ ಒಬ್ಬರ ಬೆನ್ನಿಗೊಬ್ಬರು ಉಸಿರು ಬಿಡುತ್ತ
ಫೋನಿನಲ್ಲಿ ಚೀಟಿ ಹುಡುಕುತ್ತಾರೆ,
ಓಟಿಪಿ ಬಂತಾ, ಬಂತಾ
ಅಂತ ಮುಖಕ್ಕೆ ಮುಖ ಕೊಟ್ಟು ಕೂಗುತ್ತಾರೆ.
ರೋಗಕ್ಕೆ ಒಳಗೇನು ಕೆಲಸ?
ಅದು ಖಾತೆ ಮಾಡಿಸಬೇಕಿಲ್ಲ, ಅದಕ್ಕೆ ಪಹಣಿ ಬೇಕಿಲ್ಲ.

ಜ್ವರದ ಗನ್ನಿನ ಬ್ಯಾಟರಿ ಶುಕ್ರವಾರವೇ ಸತ್ತಿತ್ತು.
ರಿಜಿಸ್ಟರಿನಲ್ಲಿ ಎಲ್ಲರಿಗೂ ತೊಂಬತ್ತಾರು ಪಾಯಿಂಟ್ ನಾಲ್ಕು.
ಇಡೀ ತಾಲ್ಲೂಕಿಗೆ ಒಂದೇ ಮೈಬಿಸಿ.

ಎದುರಿನ ಜೆರಾಕ್ಸ್ ಅಂಗಡಿಯಲ್ಲಿ
ಲ್ಯಾಮಿನೇಷನ್ನಿಗೆ ಇಪ್ಪತ್ತು, ಹೆಸರು ಬದಲಿಸಲು ಐವತ್ತು.
ಗೊತ್ತಿತ್ತು. ಚೀಟಿ ಚೆನ್ನಾಗಿ ಹೊಳೆಯುತ್ತಿದೆಯಲ್ಲ ಅಂತ
ಒಬ್ಬನನ್ನು ಬಿಟ್ಟೆ.
ಅವನು ಕೆಮ್ಮುತ್ತಲೇ ಮೆಟ್ಟಿಲು ಹತ್ತಿದ.

ಬೇಯಿಸಿದ ಕಡಲೆಕಾಯಿ ಮಾರುವ ಕೆಂಪಾಜಮ್ಮ
ಬುಟ್ಟಿಯನ್ನು ನನ್ನ ಸ್ಟೂಲಿನ ಕೆಳಕ್ಕೆ ತಳ್ಳಿ
ಪಿಂಚಣಿ ನಿಂತೋಗೈತೆ ಕಣವ್ವ, ಒಳಕ್ಕೋಗ್ಬೇಕು ಅಂದಳು.
ಅವಳ ಚೀಟಿಯಲ್ಲಿ: ಕೆಂಪರಾಜ. ಪುರುಷ.
ಎಪ್ಪತ್ತೆರಡು ತಿರುಗಿ ಇಪ್ಪತ್ತೇಳು.
ಸೂಜಿ ಇವಳ ರಟ್ಟೆಗೆ, ಪುಣ್ಯ ಇನ್ಯಾರದೋ ಹೆಸರಿಗೆ.
ಇದು ನೀನಲ್ಲವಲ್ಲಜ್ಜಿ ಅಂದೆ.
ಅವಳು ಸೆರಗು ಸರಿಸಿ ಕುಪ್ಪಸದ ತೋಳು ಮೇಲೆತ್ತಿದಳು.
ಎರಡು ಗುಂಡು ಕಲೆ, ಹಳೇ ನಾಲ್ಕಾಣೆಯಷ್ಟಗಲ.
ಇಗಾ, ನೋಡ್ಕೊ. ಸಿಡುಬಿಗೆ ದಾಕು ಹಾಕಿದ್ದು.
ನಾನು ಗುಡಾಣದ ಹಿಂದೆ ಅವಿತ್ಕಂಡಿದ್ದೆ,
ನಮ್ಮವ್ವನೇ ಜುಟ್ಟು ಹಿಡ್ದು ಎಳ್ಕಂಡೋಗಿ ಕೂರ್ಸಿದ್ಲು.
ಇದನ್ನ ಯಾವನೂ ಜೆರಾಕ್ಸ್ ಮಾಡಾಕಾಗಕಿಲ್ಲ.

ಸಾಲು ನಕ್ಕಿತು.
ಬೆಳಗಿನಿಂದ ಒಳಗೆ ಹೋದವರೆಲ್ಲ
ಅವಳ ಕೈಯಿಂದಲೇ ಪೊಟ್ಟಣ ಕೊಂಡು ಸಿಪ್ಪೆ ಬಿಡಿಸುತ್ತ ಹೋಗಿದ್ದರು.
ಅವಳನ್ನು ಯಾರೂ ಚೀಟಿ ಕೇಳಿರಲಿಲ್ಲ.

ಊಟದ ಹೊತ್ತಿಗೆ ಸಿಸ್ಟರ್ ಫಿಲೋಮಿನಾಗೆ ಹೇಳಿದೆ,
ಆ ನೋಟೀಸು ಹರಿದು ಬಿಸಾಕಬೇಕು.
ಅವಳು ಮುದ್ದೆ ಮುರಿಯುತ್ತ ಅಂದಳು:
ಲಸಿಕೆ ಆದವರೂ ಹರಡುತ್ತಾರೆ, ನಿಜ.
ಆದರೆ ಆಲೆಮನೆಯ ಹದಿನೇಳು ಗಂಡಸರು
ಆರು ತಿಂಗಳು ನನ್ನ ಕಂಡರೆ ಕಬ್ಬಿನ ಗದ್ದೆಗೆ ನುಗ್ಗುತ್ತಿದ್ದರು.
ನಿನ್ನ ಗೇಟಿನ ಸುದ್ದಿ ಕೇಳಿ ನಿನ್ನೆ ತಾವೇ ಬಂದು ರಟ್ಟೆ ಕೊಟ್ಟರು.
ಬೈಕೊಂಡು ಕೊಟ್ಟರೂ ಮದ್ದು ಮದ್ದೇ.
ನಿನ್ನ ಸ್ಟೂಲಿನ ಪಕ್ಕ ನನ್ನ ಐಸ್ ಪೆಟ್ಟಿಗೆ ಇಡಲಿ ಅಂತ
ಬರೆದು ಕಳಿಸಿದ್ದೇನೆ. ಕಾಗದ ಮೇಲಕ್ಕೆ ಹೋಗಿದೆ,
ಇಳಿದಿಲ್ಲ.

ಮತ್ತೆ ಕೆಂಪಾಜಮ್ಮ? ಅಂದೆ.
ಸಾರು ಸುರಿದುಕೊಂಡಳು.

ನಾಲ್ಕೂವರೆಗೆ ರಿಜಿಸ್ಟರಿನಲ್ಲಿ ಬರೆದೆ:
ಕೆಂಪರಾಜ, ಇಪ್ಪತ್ತೇಳು, ತೊಂಬತ್ತಾರು ಪಾಯಿಂಟ್ ನಾಲ್ಕು.
ಮಂಡಿ ಹಿಡಿದುಕೊಂಡು, ನಡುವೆ ಎರಡು ಸಲ ನಿಂತು,
ಇಪ್ಪತ್ತೇಳರ ಗಂಡಸು ಮೆಟ್ಟಿಲು ಹತ್ತಿದ.
ಅಷ್ಟರಲ್ಲಿ ಆಫೀಸರು ಎದ್ದು ಹೋಗಿಯಾಗಿತ್ತು.

ಆ ಆದೇಶ ಯಾವಾಗ ಬಿದ್ದುಹೋಯಿತೋ, ಯಾರೂ ಹೇಳಲಿಲ್ಲ.
ಗೋಡೆಯಲ್ಲಿ ಗೋಂದಿನ ಚೌಕ ಉಳಿದಿದೆ,
ಧೂಳು ಹುಡುಕಿಕೊಂಡು ಬಂದು ಅಲ್ಲೇ ಕೂರುತ್ತದೆ.
ಈಗಲೂ ಬಸ್ಸಿನಲ್ಲಿ ಪಕ್ಕದವರು ಕೆಮ್ಮಿದರೆ
ನನ್ನ ಬಲಗೈ ತಾನಾಗಿ ಮುಂದಕ್ಕೆ ಚಾಚುತ್ತದೆ, ಚೀಟಿಗೆ.
ಎಡಗೈ ಅದನ್ನು ಹಿಡಿದು
ಮಡಿಲಿಗೆ ಎಳೆದುಕೊಳ್ಳುತ್ತದೆ.