ಹತ್ತು ನಿಮಿಷದ ಹಳದಿ

ನೀರುಗಂಟಿ ಹುಚ್ಚರಾಯಪ್ಪ ಮೊದಲ ಸಲ ತಂದದ್ದು
ಕ್ವಾರ್ಟರ್ ಬಾಟಲಿಯಲ್ಲಿ.
ಮೂರು ಸಲ ತೊಳ್ದೀನಿ ಮೇಡಂ, ಅಂದ.
ಮೂಸಿ ನೋಡಿ ವಾಪಸು ಕಳಿಸಿದೆ.

ಈ ಸಲ ನಮ್ಮದೇ ಬಾಟಲಿ, ಮುಚ್ಚಳಕ್ಕೆ ಟೇಪು.
ಶಿಕಾರಿಪುರದ ಬಸ್ಸಿನಲ್ಲಿ ಶಿವಮೊಗ್ಗದವರೆಗೂ
ತೊಡೆಯ ಮೇಲಿಟ್ಟುಕೊಂಡು ಬಂದಿದ್ದಾನೆ,
ಹೆರಿಗೆ ವಾರ್ಡಿನಿಂದ ಕೂಸು ತಂದಂತೆ.

ಚೀಟಿಯಲ್ಲಿ: ಶಾಲೆಯ ಹಿಂದಿನ ಕೈಪಂಪು.
ಸುತ್ತಮುತ್ತ ಏನಿದೆ? ಏನಿಲ್ಲ.
ಚೀಟಿ ಮಡಚುವ ಹೊತ್ತಿಗೆ, ತಗ್ಗಿದ ದನಿಯಲ್ಲಿ:
ಕೋಳಿ ಫಾರಂ ಐತೆ. ಅಧ್ಯಕ್ಷರದು.

ಐವತ್ತು ಮಿಲಿ ನೀರು, ಉದ್ದನೆಯ ಗಾಜಿನ ಕೊಳವೆ,
ಅಡಿಗೆ ಬಿಳಿ ಟೈಲು.
ನೆಸ್ಲರ್ ದ್ರಾವಣ ಒಂದು ಮಿಲಿ.
ಅದರಲ್ಲಿ ಪಾದರಸ ಇದೆ, ಬಾಯಲ್ಲಿ ಎಳೆಯಬಾರದು.
ನಾವು ಕಲಿಯುವಾಗ ಎಳೆಯುತ್ತಿದ್ದೆವು.
ಆಮೇಲೆ ಹತ್ತು ನಿಮಿಷ
ಯಾರಿಗೂ ಏನೂ ಕೆಲಸವಿಲ್ಲ.

ಏನು ಬರ್ತದೆ ಮೇಡಂ?
ಅಮೋನಿಯಾ ಇದ್ದರೆ ಹಳದಿ.
ಹಳದಿ ಅಂದ್ರೆ ಒಳ್ಳೇದಲ್ವಾ?

ಪುಸ್ತಕ ಹೇಳುವುದು ತಿಳಿಹಳದಿ, ಹಳದಿ, ಕಂದು.
ನಾನು ವನಮಾಲೆಗೆ ಕಲಿಸಿದ್ದು ಬೇರೆ:
ಅರಿಶಿನದ ಕೈ ಅದ್ದಿದ ನೀರು,
ಹಾಲು ಹಾಕದ ಚಹಾ,
ತಳದಲ್ಲಿ ಇಟ್ಟಿಗೆ ಪುಡಿಯಂಥ ಗಸಿ ಕೂತರೆ
ಅಳೆಯುವುದೇನಿದೆ, ಫೋನು ಮಾಡು.

ಕಳೆದ ತಿಂಗಳು ನನ್ನ ಎಡಗಣ್ಣಿನ ಪೊರೆ ತೆಗೆದರು.
ಪಟ್ಟಿ ಬಿಚ್ಚಿದಾಗ ಆಸ್ಪತ್ರೆಯ ಹೊದಿಕೆ
ನೀಲಿ ಹಾಕಿ ಒಗೆದಷ್ಟು ಬಿಳಿ.
ಎಡಗಣ್ಣು ಮುಚ್ಚಿ ಬಲಗಣ್ಣು ಬಿಟ್ಟೆ:
ಅದೇ ಹೊದಿಕೆ, ಟ್ರಂಕಿನ ತಳಕ್ಕೆ ಹಾಸಿದ ಹಳೇ ಪೇಪರು.
ಮತ್ತೆ ಎಡ. ಮತ್ತೆ ಬಲ.
ನರ್ಸು ಕೇಳಿದಳು, ಕಣ್ಣು ಚುಚ್ಚುತ್ತಿದೆಯಾ?

ಎಷ್ಟು ವರ್ಷ ಈ ಪೇಪರಿನ ಮೂಲಕ ನೋಡಿದೆ?
ಶುದ್ಧ ನೀರಿನ ಕೊಳವೆಗೂ ಬಣ್ಣ ಬಂತೆಂದು
ಸರಿಯಾಗಿ ತೊಳೆಯಲಿಲ್ಲ ಅಂತ ವನಮಾಲೆಯನ್ನು ಬೈದಿದ್ದೆ.
ಸಾಹೇಬರು ಸಮಾಧಾನ ಹೇಳಿದರು:
ಅಕ್ಕಪಕ್ಕ ಇಟ್ಟು ಹೋಲಿಸುವುದಲ್ಲವೇ,
ಎರಡನ್ನೂ ನೋಡಿದ್ದು ಅದೇ ಕಣ್ಣು, ವಜಾ ಆಗುತ್ತದೆ.
ಗಾಢವಾದದ್ದು ವಜಾ ಆಗುತ್ತದೆ ಸರ್.
ಇನ್ನೂ ಹಳದಿಯಾಗಲೋ ಬೇಡವೋ ಅನ್ನುವ ಹಳದಿ?
ರಿಜಿಸ್ಟರಿನಲ್ಲಿ ನನ್ನದೇ ಗುಂಡು ಅಕ್ಷರ,
ಪುಟಪುಟಕ್ಕೂ: ಪತ್ತೆಯಾಗಿಲ್ಲ. ಪತ್ತೆಯಾಗಿಲ್ಲ.

ಹತ್ತು ನಿಮಿಷವಾಯಿತು.
ಕೊಳವೆಯ ಬಾಯಿಗೆ ಬಾಗಿ, ಬಲಗಣ್ಣಿಂದ: ಏನಿಲ್ಲ.
ಎಡಗಣ್ಣಿಂದ: ಇದೆ.
ನಾನು ಕಣ್ಣು ಮಿಟುಕಿಸುವುದು ನೋಡಿ
ಹುಚ್ಚರಾಯಪ್ಪನೂ ಒಂದು ಕಣ್ಣು ಮುಚ್ಚಿ ಬಗ್ಗಿದ,
ಪರೀಕ್ಷೆಯ ಕ್ರಮವೇ ಹೀಗೆಂದು ತಿಳಿದು.
ನಿನಗೇನು ಕಾಣುತ್ತೆ?
ಎಮ್ಮೆ ಈದ ಮಾರನೇ ದಿನದ ಹಾಲು ಮೇಡಂ.
ಗಿಣ್ಣು ಕಾಸ್ತೀವಲ್ಲ, ಆ ಬಣ್ಣ.

ವನಮಾಲ ಬಂದು ನೋಡಿ ಅಂಕಿ ಹೇಳಿದಳು. ಬರೆದೆ.
ಕೊಳವೆಯ ನೀರನ್ನು ಮೇಜಿನಡಿಯ ಕರಿ ಕ್ಯಾನಿಗೆ ಸುರಿದೆ,
ಸಿಂಕಿಗಲ್ಲ. ಸಿಂಕು ಹೋಗುವುದು ತುಂಗೆಗೆ.
ಕ್ಯಾನು ಒಯ್ಯುವವರು ಎರಡು ವರ್ಷದಿಂದ ಬಂದಿಲ್ಲ.

ಹೊರಟವನನ್ನು ಕರೆದು ಆರು ಖಾಲಿ ಬಾಟಲಿ ಕೊಟ್ಟೆ,
ನಿಮ್ಮ ಊರಿನ ಉಳಿದ ಪಂಪುಗಳಿಗೆ.
ಅವೆಲ್ಲ ಆಗಲೇ ಪಾಸಾಗ್ಯಾವಲ್ಲ ಮೇಡಂ,
ನೀವೇ ಸಹಿ ಹಾಕಿದ್ರಿ.
ಹೌದು, ಅಂದೆ. ಅದಕ್ಕೇ.