ಕಪ್ಪೆ ದಾಟಬೇಕು

"ಕಣ್ಣು ಎಷ್ಟು ದೊಡ್ಡದಿರಲಿ?" ಕೇಳಿದ
ಬಿಕರ್ನಕಟ್ಟೆಯ ವೆಲ್ಡರ್ ಲ್ಯಾನ್ಸಿ, ಕಿವಿಗೆ ಪೆನ್ಸಿಲ್ ಸಿಕ್ಕಿಸಿ.

ಕಪ್ಪೆ ದಾಟಬೇಕು,
ಇವಳ ಹಿಮ್ಮಡಿ ದಾಟಬಾರದು.

ಅವನು ನಗಲಿಲ್ಲ. ರಿಫಾಳ ಪಾದಕ್ಕೆ ಟೇಪು ಹಿಡಿದು
ಬೀಡಿಕಟ್ಟಿನ ಮೇಲೆ ಬರೆದುಕೊಂಡ.
ಕಪ್ಪೆಯದು ಮಾತ್ರ ಅಂದಾಜು.

ಕೊಳ ತೋಡಿದಾಗ ಇವಳು ಹುಟ್ಟಿರಲಿಲ್ಲ;
ಗೇಣು ನೀರು ಆಗ
ಬರೀ ಗೇಣು ನೀರು.

ಶನಿವಾರ ಜಾಲರಿ ಕೂತಿತು, ನೀರಿಗೆ ತಾಗಿಯೂ ತಾಗದೆ.
ಲ್ಯಾನ್ಸಿ ಚಪ್ಪಲಿ ಕಳಚಿ, ಮೇಲೆ ಹತ್ತಿ
ಮೂರು ಸಲ ಕುಪ್ಪಳಿಸಿ ತೋರಿಸಿದ.
ಮೂಲೆಯಲ್ಲೊಂದು ಮುರಕಲ್ಲು ಓರೆಯಾಗಿಟ್ಟೆವು,
ಹತ್ತಿ ಬರುವವರಿಗೆ.

ಈಗ ರಿಫಾ ಬೋರಲು ಮಲಗಿ, ಬೆರಳಿಳಿಸಿ
ಗೊದಮೊಟ್ಟೆಗಳಿಗೆ ಏನೋ ಹೇಳುತ್ತಿದ್ದಾಳೆ.
ಎರಡೇ ಹೆಜ್ಜೆ ಹಿಂದೆ ನಾನು, ಕೈಯಲ್ಲಿ ಲೋಟ.

ಕಬ್ಬಿಣ ಗಟ್ಟಿಯಿದೆ, ಗೊತ್ತು.
ಆದರೂ ದಿನಾ
ಚಾ ಆರುತ್ತದೆ.